ಗಾಳಿಯ ಮೇಲೆ ಹೊರಿಸಿದ ತಪ್ಪು

ಗ್ರೀಕರ ಕಾಲಿಮ್ನೋಸ್ ದ್ವೀಪದ ಮುಳುಗುಗಾರರಲ್ಲಿ ಸ್ಕೇವೋಸನ ಹಾಗೆ ಕಡಲಿನಿಂದ ಮೇಲೆ ಬರುವವನು ಇನ್ನೊಬ್ಬನಿರಲಿಲ್ಲ.

ತಳದ ಬಂಡೆಗಳಿಂದ ಸ್ಪಂಜು ಕಿತ್ತು ಬಲೆಚೀಲ ತುಂಬಿದ ಮೇಲೆ ಉಳಿದವರು ಮೈಮುಚ್ಚುವ ಮುಳುಗು ಪೋಷಾಕಿನ ತುಂಬ ಗಾಳಿ ತುಂಬಿಕೊಂಡು ಬೆಂಡಿನ ಹಾಗೆ ಒಂದೇ ಸಲಕ್ಕೆ ನೀರಿನ ಮೇಲೆ ಚಿಮ್ಮುತ್ತಿದ್ದರು. ಸ್ಕೇವೋಸ್ ಸ್ವಲ್ಪ ಮೇಲೆ ಬಂದು ಹಗ್ಗ ಹಿಡಿದು ನಿಲ್ಲುವನು. ತಲೆಗೆ ಬಿಗಿದ, ಗಾಜಿನ ಕಿಟಕಿಯ ತಾಮ್ರದ ಟೋಪಿಯೊಳಗೆ, 'ನಂಬುತ್ತೇನೆ' ಎಂದು ಶುರುವಾಗುವ ಇಗರ್ಜಿಯ ಉದ್ದದ ಪ್ರಾರ್ಥನೆಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಳ್ಳುವನು. ಆಮೆನ್ ಅಂದ ಮೇಲೆ ಇನ್ನಷ್ಟು ಮೇಲೆ. ಅಲ್ಲಿ ಮತ್ತೆ ನಿಲುಗಡೆ, ಮತ್ತೆ ಅದೇ ಪ್ರಾರ್ಥನೆ. ಬೆಳಕು ಹತ್ತಿರವಾದಷ್ಟೂ ಹೆಚ್ಚು ಸಲ ಹೇಳುವನು.

ಇದನ್ನು ಅವನಿಗೆ ಕಲಿಸಿದವಳು ಹೆಂಡತಿ ಥೆಮೆಲಿನಾ. ಅವಳ ಅಪ್ಪನೂ ಮುಳುಗುಗಾರನೇ. ಅವನಿಗೆ 'ಯಂತ್ರ ಹೊಡೆದಿತ್ತು'. ಗಾಳಿಯಂತ್ರದ ಕೊಳವೆ ಕಟ್ಟಿಕೊಂಡು ಕೆಳಗಿಳಿದವನು ಮೇಲೆ ಬಂದು ಕಾಲು ಕಳೆದುಕೊಂಡರೆ ಆ ಊರಿನವರು ಹಾಗೆ ಹೇಳುತ್ತಾರೆ. ಊರಿನ ಯಾವ ಬೀದಿಯಲ್ಲಿ ನಿಂತರೂ ಕೋಲೂರಿಕೊಂಡು, ಒಂದು ಕಾಲನ್ನು ನೆಲದ ಮೇಲೆ ಎಳೆದುಕೊಂಡು ಹೋಗುವವನೊಬ್ಬ ಕಾಣುತ್ತಿದ್ದ. ಅಪ್ಪ ಕಿಟಕಿಯ ಪಕ್ಕದ ಮಂಚದಲ್ಲಿ ಬಹಳ ವರ್ಷ ಮಲಗಿದ್ದು ತೀರಿಕೊಂಡ. ಮಲಗಿದಲ್ಲಿಂದಲೇ ಮಗಳಿಗೆ ಹೇಳುತ್ತಿದ್ದ: "ಕೆಳಗೆ ಕಡಲಿನ ಭಾರ ನೆತ್ತರಿಗೆ ಸೇರ್ಕೊಳ್ಳುತ್ತೆ ಮಗಳೇ. ಅದನ್ನ ಮೆಲ್ಲಗೆ ಇಳಿಸ್ಬೇಕು. ಅವಸರ ಮಾಡಿದ್ರೆ ಹೋಗಿ ಬೆನ್ನುಮೂಳೇಲಿ ಕೂತ್ಕೊಳ್ಳುತ್ತೆ. ಇಷ್ಟು ಗೊತ್ತಾಗೋಕೆ ನಾನು ಮಲಗ್ಬೇಕಾಯ್ತು ನೋಡು."

ಮದುವೆಯಾದ ಹೊಸತರಲ್ಲೇ ಅವಳು ಗಂಡನನ್ನು ಅಡುಗೆಮನೆಯ ಹೊಸ್ತಿಲ ಮೇಲೆ ಕೂರಿಸಿ, ತಾನು ಹಿಟ್ಟು ನಾದುತ್ತ, ಪ್ರಾರ್ಥನೆ ಬಾಯಿಪಾಠ ಮಾಡಿಸಿದಳು. ಕಡಲ ತಳಕ್ಕೆ ಗಡಿಯಾರ ಒಯ್ಯುವಂತಿರಲಿಲ್ಲ. ಕಾಯಬೇಕಾದ ಹೊತ್ತನ್ನು ಅಳೆಯಲು ಅವಳಿಗೆ ಗೊತ್ತಿದ್ದ ಅಳತೆ ಅದೊಂದೇ. ಸ್ಕೇವೋಸ್ ಇಗರ್ಜಿಗೆ ಹೆಚ್ಚು ಹೋಗುವವನಲ್ಲ. ಪಿಲಾತನ ಹೆಸರು ಬರುವಲ್ಲಿ ಪ್ರತಿ ಸಲವೂ ಎಡವುತ್ತಿದ್ದ.

"ಇವನ ಹೆಸರು ಯಾಕೆ ಬೇಕಿತ್ತು ಇದ್ರಲ್ಲಿ? ಕ್ರಿಸ್ತನನ್ನ ಕೊಂದೋನು ತಾನೇ? ಬಿಟ್ಬಿಡ್ಲಾ?" ಎಂದು ಕೇಳಿದ್ದ.

"ಬಿಡ್ಬೇಡ. ಅವನ ಹೆಸರು ಹೇಳೋ ಹೊತ್ತೂ ನಿನ್ನ ಕಾಲಿಗೆ ಬೇಕು," ಎಂದಿದ್ದಳು ಅವಳು.

ಪ್ರತಿ ವರ್ಷ ಈಸ್ಟರ್ ಮುಗಿದ ಮೇಲೆ ಹಡಗುಗಳು ಆಫ್ರಿಕಾದ ಕರಾವಳಿಗೆ ಹೊರಡುತ್ತಿದ್ದವು, ಶರತ್ಕಾಲಕ್ಕೆ ಮರಳುತ್ತಿದ್ದವು. ಪ್ರತಿ ಶರತ್ಕಾಲದಲ್ಲೂ ಸ್ಕೇವೋಸ್ ತನ್ನ ಕಾಲ ಮೇಲೆ ನಡೆದು ಮನೆಗೆ ಬಂದ. ಥೆಮೆಲಿನಾ ದೇವರ ಹತ್ತಿರ ಕೇಳಿಕೊಂಡದ್ದು ಅಷ್ಟೇ.

ಆದರೆ ಅವನು ಮೇಲೆ ಬರುವವರೆಗೆ ಹಡಗಿನಲ್ಲಿ ಕೈಯಿಂದ ತಿರುಗಿಸುವ ಗಾಳಿಯಂತ್ರ ನಿಲ್ಲುವಂತಿರಲಿಲ್ಲ. ಅದನ್ನು ತಿರುಗಿಸುವವರ ತೋಳು ಸೋಲುತ್ತಿತ್ತು. ಮುಂದೆ ಇಳಿಯಬೇಕಾದವನು ಪೋಷಾಕಿಗಾಗಿ ಬಿಸಿಲಲ್ಲಿ ಕಾಯಬೇಕಿತ್ತು. ಕ್ಯಾಪ್ಟನ್ ನೊಮಿಕೋಸ್ ಹಡಗಿನ ಅಂಚಿನಲ್ಲಿ ಅತ್ತಿಂದಿತ್ತ ಓಡಾಡಿ ಉಗುಳುತ್ತಿದ್ದ. ಹೀಗೆ ಸ್ಕೇವೋಸನಿಗೆ ಒಂದು ಅಡ್ಡಹೆಸರು ಬಂತು: ಪಾದ್ರಿ. ಆ ಊರಲ್ಲಿ ಅಡ್ಡಹೆಸರು ಬಿದ್ದರೆ ಸಮಾಧಿಯ ಕಲ್ಲಿನವರೆಗೂ ಬರುತ್ತದೆ.

ಈಸ್ಟರ್ ಹಿಂದಿನ ದಿನ ಹೆಂಗಸರೆಲ್ಲ ಕುರಿಮರಿಯ ಮಾಂಸದೊಳಗೆ ಅಕ್ಕಿ ತುಂಬಿ, ಮಣ್ಣಿನ ಮಡಕೆಯಲ್ಲಿಟ್ಟು, ಬಾಯಿಗೆ ಹಿಟ್ಟು ಮೆತ್ತಿ, ಕೇರಿಯ ದೊಡ್ಡ ಒಲೆಗೆ ತರುತ್ತಿದ್ದರು. ಒಲೆ ನೋಡಿಕೊಳ್ಳುವವಳು ಕಥೋಲಿಕಿ. ಅವಳ ಗಂಡ ನೊಮಿಕೋಸನ ಹಡಗಿನಲ್ಲೇ ಗಾಳಿಯಂತ್ರ ತಿರುಗಿಸುವವನು.

"ಏನೇ ಥೆಮೆಲಿನಾ," ಎಂದು ಅವಳು ಮಡಕೆ ಇಸಿದುಕೊಳ್ಳುತ್ತ ಶುರು ಮಾಡುವಳು, "ನಿನ್ನ ಪಾದ್ರಿಗೆ ಈ ವರ್ಷವಾದ್ರೂ ಒಂದು ಚಿಕ್ಕ ಪ್ರಾರ್ಥನೆ ಹೇಳ್ಕೊಡೇ ಮಾರಾಯ್ತಿ. ಅವನು ಆಮೆನ್ ಅನ್ನೋ ಹೊತ್ತಿಗೆ ನಮ್ಮ ಯಜಮಾನ್ರ ತೋಳು ಕಳಚಿ ಕಡಲಿಗೆ ಬೀಳುತ್ತೆ."

"ಬಿದ್ರೆ ಬೀಳ್ಲಿ ಬಿಡೇ, ಸ್ಕೇವೋಸ್ ಹೇಗೂ ಕೆಳಗೇ ಇರ್ತಾನೆ, ಹೆಕ್ಕೊಂಡು ಬರ್ತಾನೆ," ಎಂದು ಇನ್ನೊಬ್ಬಳು.

"ನಿಮ್ಮೋರ ತೋಳು ನೋಯುತ್ತೆ, ನಮ್ಮೋನ ಕಾಲು ಉಳಿಯುತ್ತೆ. ಎಣ್ಣೆ ಹಚ್ಚಿ ತಿಕ್ಕು, ತೋಳು ಸರಿಹೋಗುತ್ತೆ," ಎಂದು ಥೆಮೆಲಿನಾ ಮೊದಮೊದಲು ಮಾರುತ್ತರ ಕೊಡುತ್ತಿದ್ದಳು. ವರ್ಷ ಕಳೆದಂತೆ ಉತ್ತರ ಕೊಡುವುದು ಬಿಟ್ಟಳು. ಅದೇ ತಮಾಷೆಯನ್ನು ಎಷ್ಟು ಸಲ ಕೇಳುವುದು? ಮಗಳು ಸೆವಾಸ್ತಿಯನ್ನೂ ಬಾವಿಯ ಹತ್ತಿರ ಹುಡುಗಿಯರು 'ಪಾದ್ರಿಮಗಳೇ, ಕೊಡ ಮೇಲೆ ಬರೋಕೆ ಎಷ್ಟು ಪ್ರಾರ್ಥನೆ ಬೇಕು?' ಎಂದು ಕೇಳತೊಡಗಿದ್ದರು. ಇಷ್ಟು ವರ್ಷದಲ್ಲಿ ಯಂತ್ರ ಹೊಡೆಸಿಕೊಂಡವರು ಕೆಲವರು, ಹೊಡೆಸಿಕೊಳ್ಳದೆ ಬೆಂಡಿನ ಹಾಗೆ ಮೇಲೆ ಬಂದವರು ಹಲವರು. ಆ ಹಲವರನ್ನು ನೋಡಿದಾಗ ಥೆಮೆಲಿನಾಗೂ ಅನ್ನಿಸುತ್ತಿತ್ತು, ಅಪ್ಪ ಹೇಳಿದ್ದು ಮಲಗಿದವನ ಕಲ್ಪನೆಯಾಗಿದ್ದರೆ? ಕೂಡಲೇ ಶಿಲುಬೆಯ ಗುರುತು ಹಾಕಿಕೊಂಡು ಆ ಯೋಚನೆಯನ್ನು ದೂಡುತ್ತಿದ್ದಳು. ಅದು ಸ್ವಲ್ಪ ದೂರ ಹೋಗಿ ನಿಂತುಕೊಳ್ಳುತ್ತಿತ್ತು.

ಆ ವರ್ಷ ಹಡಗು ಹೊರಡುವ ಮೊದಲು ಕ್ಯಾಪ್ಟನ್ ತನ್ನ ಅಂಗಳದಲ್ಲಿ ವಾಡಿಕೆಯಂತೆ ಎಲ್ಲರಿಗೂ ಬೀಳ್ಕೊಡುಗೆಯ ಊಟ ಹಾಕಿದ. ಮುಳುಗುಗಾರರಿಗೆ ಮೇಜಿನ ತಲೆಭಾಗದಲ್ಲಿ ಜಾಗ. ಸ್ಕೇವೋಸನನ್ನು ಮಾತ್ರ ತುದಿಯಲ್ಲಿ, ಯಂತ್ರ ತಿರುಗಿಸುವವರ ಮಧ್ಯೆ ಕೂರಿಸಿದ್ದ. "ಅವರ ಹತ್ರ ಕ್ಷಮೆ ಕೇಳೋಕೆ ಅನುಕೂಲ ಆಗ್ಲಿ ಅಂತ," ಎಂದು ನಕ್ಕ. ವೈನ್ ಸುತ್ತು ಬಂದ ಮೇಲೆ, ಅಲ್ಲಿನ ರೂಢಿಯಂತೆ ಒಬ್ಬೊಬ್ಬರು ಎದ್ದು ಆ ಗಳಿಗೆಗೆ ಹೊಳೆದ ಎರಡು ಸಾಲು ಕಟ್ಟಿ ಹಾಡತೊಡಗಿದರು. ಕ್ಯಾಪ್ಟನ್ ಗಾಜಿನ ಲೋಟ ಎತ್ತಿ ಸ್ಕೇವೋಸನತ್ತ ತಿರುಗಿ ಹಾಡಿದ:

"ದ್ರಾಕ್ಷಿ ಹಣ್ಣಾಯ್ತು, ವೈನೂ ಆಯ್ತು, ಕುಡಿದು ಮುಗೀತು ಪೀಪಾಯಿ,
ಇನ್ನೂ ಕೆಳಗೇ ನಿಂತವ್ನೆ ಪಾದ್ರಿ, ಆಮೆನ್ ಅನ್ನೋದೇ ಬಾಕಿ!"

ಅಂಗಳವೆಲ್ಲ ನಕ್ಕಿತು. ಪಿಟೀಲಿನವನು ನಗು ತಡೆಯಲಾರದೆ ಕಮಾನು ಕೆಳಗಿಟ್ಟ. ಥೆಮೆಲಿನಾ ಹೆಂಗಸರ ಮಧ್ಯೆ ಕೂತಿದ್ದಳು. ಎಲ್ಲರೂ ಅವಳ ಮುಖ ನೋಡಿದರು. ಅಳು ಬಂದರೆ ಇನ್ನೂ ನಗುತ್ತಾರೆಂದು ಅವಳೂ ನಕ್ಕಳು. ಅದೇ ಕ್ಷಣಕ್ಕೆ ಮೇಜಿನ ತುದಿಯಿಂದ ಸ್ಕೇವೋಸ್ ತಲೆಯೆತ್ತಿ ಅವಳತ್ತ ನೋಡಿದ.

ಮಾರನೆಯ ಬೆಳಿಗ್ಗೆ ಅವಳು ಅವನ ಮರದ ಪೆಟ್ಟಿಗೆಗೆ ಒಣರೊಟ್ಟಿ, ಉಪ್ಪು ಹಾಕಿ ಹುರಿದ ಮಾಂಸ, ಉಣ್ಣೆಯ ಒಳಅಂಗಿ ತುಂಬುತ್ತಿದ್ದಳು. ಅವನು ಬಾಗಿಲಿಗೆ ಒರಗಿ ಕೂತಿದ್ದ.

"ಮುಂದಿನ ವರ್ಷ ನನ್ನ ಕರ್ಕೊಂಡು ಹೋಗ್ತಾನೋ ಇಲ್ವೋ ನೊಮಿಕೋಸ್. 'ನೋಡೋಣ' ಅಂದ."

"ಅಂದ್ರೆ ಅನ್ನಲಿ."

"ನೀನೂ ನಗ್ತಿದ್ದೆ."

ಥೆಮೆಲಿನಾ ಪೆಟ್ಟಿಗೆಯ ಮುಚ್ಚಳ ಹಾಕಿದಳು. "ನಾನೇನು ಕಲ್ಲಾ, ಸ್ಕೇವೋ? ಒಲೆ ಹತ್ರ ನಗ್ತಾರೆ, ಬಾವಿ ಹತ್ರ ನಗ್ತಾರೆ, ಈಗ ಊಟಕ್ಕೆ ಕರೆದು ನಗ್ತಾರೆ. ಒಂದು ಸಲ, ಒಂದೇ ಸಲ ನೀನೂ ಎಲ್ಲರ ಹಾಗೆ ಮೇಲೆ ಬಂದು ಅವರ ಬಾಯಿ ಮುಚ್ಚಿಸಬಾರದಾ?"

ಅವನು ಎದ್ದು ಪೆಟ್ಟಿಗೆಯನ್ನು ಹಗ್ಗದಿಂದ ಕಟ್ಟಿದ.

ಆ ಮಾತನ್ನು ಹಿಂತೆಗೆದುಕೊಳ್ಳಲು ಅವಳಿಗೆ ಇಡೀ ದಿನವಿತ್ತು. ಸಂಜೆ ಹೇಳೋಣ ಅಂದುಕೊಂಡಳು, ನೆಂಟರು ಬಂದರು. ಬಂದರದಲ್ಲಿ ಹೇಳೋಣ ಅಂದುಕೊಂಡಳು. ಅಲ್ಲಿ ಪಾದ್ರಿಗಳು ಹಡಗಿಂದ ಹಡಗಿಗೆ ತೀರ್ಥ ಚಿಮುಕಿಸುತ್ತಿದ್ದರು, ಗಂಟೆ ಬಾರಿಸುತ್ತಿತ್ತು, ಆಗ ದ್ವೀಪವನ್ನು ಆಳುತ್ತಿದ್ದ ಇಟಲಿಯ ಪೊಲೀಸರು ಜನರನ್ನು ಹಿಂದೆ ತಳ್ಳುತ್ತಿದ್ದರು. ಅವಳು ಕೈ ಬೀಸಿದಳು. ಅವನೂ ಬೀಸಿದ. ಹಡಗಿನ ಮೇಲಿಂದ ಮುಳುಗುಗಾರನ ಹಗ್ಗ ಹಿಡಿಯುವ ಕೆಲಸದ ಅವಳ ಅಣ್ಣ ಸಕೆಲ್ಲಾರಿಸ್ ಅವನ ಪಕ್ಕದಲ್ಲೇ ನಿಂತಿದ್ದ. ಅಣ್ಣ ಇದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡಳು.

ಬೇಸಿಗೆ ಬಂತು. ಆ ಕಡಲಿನಲ್ಲಿ ಬೇಸಿಗೆಯ ಬಡಗಣ ಗಾಳಿ ಎದ್ದರೆ ದಿನಗಟ್ಟಲೆ ನಿಲ್ಲುವುದಿಲ್ಲ. ಚಾವಣಿಯ ಮೇಲೆ ಒಣಹಾಕಿದ ಅಂಜೂರಕ್ಕೆ ಕಲ್ಲು ಹೇರಬೇಕು, ಬಾಗಿಲಿಗೆ ಅಗಣಿ ಹಾಕಬೇಕು. ಗಾಳಿ ಎದ್ದ ದಿನ ಊರಿನ ಹೆಂಗಸರೆಲ್ಲ ಮಾತು ಕಡಿಮೆ ಮಾಡುತ್ತಿದ್ದರು. ಥೆಮೆಲಿನಾ ಕಡಲಿಗರನ್ನು ಕಾಯುವ ಸಂತ ನಿಕೊಲಾಸನ ಇಗರ್ಜಿಗೆ ಹೋಗಿ ದೀಪಕ್ಕೆ ಎಣ್ಣೆ ಹಾಕುವಳು. ಮುಂಚೆ ಅಲ್ಲಿ ನಿಂತರೆ ಏನು ಬೇಡಬೇಕೆಂದು ಅವಳಿಗೆ ಸ್ಪಷ್ಟವಾಗಿ ಗೊತ್ತಿರುತ್ತಿತ್ತು. ಈಗ ಅವನ ಕಾಲನ್ನೂ ಬೇಡಬೇಕು, ಅವನ ಮರ್ಯಾದೆಯನ್ನೂ ಬೇಡಬೇಕು. ಎರಡನ್ನೂ ಒಟ್ಟಿಗೆ ಕೇಳಲು ಸಂತನ ಮುಂದೆ ನಾಚಿಕೆಯಾಗುತ್ತಿತ್ತು. ಎಣ್ಣೆ ಹಾಕಿ ಸುಮ್ಮನೆ ಬರುತ್ತಿದ್ದಳು.

ಶರತ್ಕಾಲದಲ್ಲಿ ಗಂಟೆ ಬಾರಿಸಿತು. ಊರಿಗೆ ಊರೇ ಬಂದರಕ್ಕೆ ಓಡಿತು. ಹಡಗು ಹತ್ತಿರ ಬರುತ್ತಿದ್ದಂತೆ ಎಲ್ಲ ಹೆಂಗಸರೂ ಅಂಚಿನಲ್ಲಿ ನಿಂತ ಗಂಡಸರ ಮುಖ ಹುಡುಕುತ್ತಾರೆ. ಕಾಣದಿದ್ದವನ ಹೆಂಡತಿಯ ಸುತ್ತ ತಾನಾಗಿಯೇ ಸ್ವಲ್ಪ ಜಾಗವಾಗುತ್ತದೆ. ಆ ದಿನ ಜಾಗವಾದದ್ದು ಥೆಮೆಲಿನಾಳ ಸುತ್ತ.

ಸಕೆಲ್ಲಾರಿಸ್ ಅವನನ್ನು ಬೆನ್ನ ಮೇಲೆ ಹೊತ್ತುಕೊಂಡು ಹಲಗೆ ದಾಟಿದ. ಸ್ಕೇವೋಸನ ಕಾಲುಗಳು ಎರಡೂ ಕಡೆ ಜೋತಾಡುತ್ತಿದ್ದವು, ಬೂಟು ಹಲಗೆಗೆ ತಾಗಿ ಸದ್ದಾಗುತ್ತಿತ್ತು. ಅವನಿಗೆ ಅದು ತಿಳಿಯುತ್ತಿರಲಿಲ್ಲ.

"ಗಾಳಿ ಹೊಡೀತಮ್ಮ," ಎಂದು ಕ್ಯಾಪ್ಟನ್ ನೊಮಿಕೋಸ್ ಟೋಪಿ ತೆಗೆದು ಅವಳ ಮುಂದೆ ನಿಂತ. "ಮರುಭೂಮಿ ಕಡೆಯಿಂದ ಬಿಸಿಗಾಳಿ ಎದ್ದುಬಿಡ್ತು. ಲಂಗರು ಜಾರ್ತು. ಅವನು ಕೆಳಗಿದ್ದ. ದೇವರು ಕಳಿಸಿದ ಗಾಳಿಗೆ ಯಾರನ್ನ ದೂರೋಣ?"

ಆ ಚಳಿಗಾಲ ಊರೆಲ್ಲ ಅವರೊಂದಿಗೆ ಒಳ್ಳೆಯದಾಗಿ ನಡೆದುಕೊಂಡಿತು. ಕಥೋಲಿಕಿ ಒಲೆಯಿಂದ ಬಿಸಿ ರೊಟ್ಟಿ ಕಳಿಸುತ್ತಿದ್ದಳು. ಕಾಫಿ ಅಂಗಡಿಯ ಗಂಡಸರು ಬಂದು ಅವನ ಹತ್ತಿರ ಕೂತು ಹೋಗುತ್ತಿದ್ದರು. ಯಾರ ಬಾಯಲ್ಲೂ ಪಾದ್ರಿ ಅನ್ನುವ ಹೆಸರು ಬರಲಿಲ್ಲ. ಸ್ಕೇವೋಸ್ ಕಿಟಕಿಯ ಬಳಿ ಕೂತು ಕತ್ತರಿಯಿಂದ ಸ್ಪಂಜಿನ ಅಂಚು ಸವರುವ ಕೆಲಸ ಹಿಡಿದ. ಕೇಳಿದ್ದಕ್ಕಷ್ಟೇ ಉತ್ತರ ಕೊಡುತ್ತಿದ್ದ.

ಥೆಮೆಲಿನಾಗೆ ಒಂದೇ ವಿಷಯ ತಿಳಿಯಬೇಕಿತ್ತು. ಒಂದು ಮಧ್ಯಾಹ್ನ ಅಣ್ಣನ ಮನೆಗೆ ಹೋದಳು.

"ಅಣ್ಣ, ಹಗ್ಗ ನಿನ್ನ ಕೈಲಿತ್ತು. ನೀನು ಎಳೆದ್ಯಾ ಅವನನ್ನ?"

ಸಕೆಲ್ಲಾರಿಸ್ ಸಿಗರೇಟು ಸುತ್ತುತ್ತಿದ್ದವನು ನಿಲ್ಲಿಸಿದ. "ನನ್ನ ಮಕ್ಕಳಾಣೆ, ಇಲ್ಲ."

"ಮತ್ತೆ ಗಾಳಿ?"

"ಗಾಳಿ ಬಂತು. ಅದು ಸುಳ್ಳಲ್ಲ. ತಳ ಬಿಟ್ಟು ಏಳ್ಲೇಬೇಕಿತ್ತು, ಇಲ್ದಿದ್ರೆ ಕೊಳವೆ ಹರೀತಿತ್ತು. ಎದ್ದ. ಅಲ್ಲೀವರೆಗೂ ಸರಿ. ಆಮೇಲೆ ನಿಲ್ಲು ಅಂತ ನಾನು ಹಗ್ಗ ಜಗ್ಗಿ ಸನ್ನೆ ಮಾಡ್ದೆ. ಹಡಗು ತೇಲ್ಕೊಂಡು ಹೋಗ್ತಿತ್ತು ಅಷ್ಟೆ ಕಣಮ್ಮ. ಹಗ್ಗ ಹಿಡ್ಕೊಂಡು ನಿಂತಿದ್ರೆ ಅವನೂ ನಮ್ಮ ಜೊತೇಲೇ ತೇಲ್ಕೊಂಡು ಬರ್ತಿದ್ದ. ಯಂತ್ರ ತಿರುಗಿಸೋರೂ ಬಿಟ್ಟಿರ್ಲಿಲ್ಲ. ಅವನು ನಿಲ್ಲಲಿಲ್ಲ. ಬುಳುಕ್ ಅಂತ ಮೇಲೆ ಬಂದ."

"ಆಮೇಲೆ?"

"ಟೋಪಿ ಬಿಚ್ಚಿದ್ವಿ. ನಗ್ತಿದ್ದ. ಎಲ್ಲರೂ ಬೆನ್ನು ತಟ್ಟಿದ್ರು. 'ಇವತ್ತು ಪಾದ್ರಿ ಪೂಜೆ ಬಿಟ್ಟ ಕಣ್ರೋ!' ಅಂತ ಕ್ಯಾಪ್ಟನ್ ಕೂಗಿದ್ರು. ಒಂದು ಸಿಗರೇಟು ಕೊಡಿ ಅಂದ. ಹಚ್ಚಿ ಕೊಟ್ಟೆ. ಅರ್ಧ ಸೇದಿರ್ಲಿಲ್ಲ, ಕೈಯಿಂದ ಬಿತ್ತು. 'ಸಕೆಲ್ಲಾರಿ, ನನ್ನ ಕಾಲೆಲ್ಲಿ?' ಅಂದ." ಅವನು ಮುಖ ಒರೆಸಿಕೊಂಡ. "ದಡಕ್ಕೆ ಒಯ್ದು, ಕಾಲಿಗೆ ಜೀವ ಬರ್ಲಿ ಅಂತ ಕುತ್ತಿಗೆವರೆಗೂ ಬಿಸಿ ಮರಳಲ್ಲಿ ಹೂತ್ವಿ. ಅಪ್ಪನಿಗೂ ಹಾಗೇ ಮಾಡಿದ್ರಲ್ಲ. ಏನೂ ಆಗ್ಲಿಲ್ಲ."

ಥೆಮೆಲಿನಾ ಮನೆಗೆ ಬಂದಳು. ಕೇಳುವುದಕ್ಕೆ ಧೈರ್ಯ ಬರಲು ಮತ್ತೂ ಕೆಲವು ವಾರ ಬೇಕಾಯಿತು. ಮಳೆ ಹಿಡಿದಿದ್ದ ಒಂದು ಬೆಳಿಗ್ಗೆ ಅವನ ಕಾಲುಗಳಿಗೆ ಎಣ್ಣೆ ತಿಕ್ಕುತ್ತ, ಮುಖ ಎತ್ತದೆ ಕೇಳಿದಳು.

"ಸ್ಕೇವೋ, ಅಣ್ಣ ನಿಲ್ಲು ಅಂದದ್ದು ನಿನಗೆ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಮತ್ತೆ ಗಾಳಿಗೆ ಹೆದರಿದ್ಯಾ?"

"ಹೆದರಿದ್ದೆ ಅಂತ ಹೇಳ್ಬಹುದಿತ್ತು. ಹೇಳ್ತಾನೂ ಇದ್ದೆ, ನನಗೇ. ಆದ್ರೆ ಹಾಗಲ್ಲ. ಗಾಳಿ ಬಂತು ಅಂತ ಸನ್ನೆ ಬಂದಾಗ ನನಗೆ ಖುಷಿ ಆಯ್ತು ಥೆಮೆಲಿನಾ. ಒಂದು ನೆಪ ಸಿಕ್ತು ಅಂತ. ಈಗ ಎಲ್ಲರ ಹಾಗೆ ಮೇಲೆ ಹೋದ್ರೆ ತಪ್ಪು ನನ್ನದಲ್ಲ, ಗಾಳೀದು. ಅಷ್ಟು ವರ್ಷ ಅದಕ್ಕೇ ಕಾಯ್ತಿದ್ದೆ ಅನ್ನಿಸುತ್ತೆ. ಮೇಲೆ ಬರ್ತಾ ಇದ್ದಾಗ ಮೈ ಎಷ್ಟು ಹಗುರ ಆಯ್ತು ಗೊತ್ತಾ."

"ನಾನು ಅಂದ ಮಾತು..."

"ಇತ್ತು. ಇರ್ಲಿಲ್ಲ ಅಂದ್ರೆ ಸುಳ್ಳಾಗುತ್ತೆ." ಅವನು ಅವಳ ತಲೆಯ ಮೇಲೆ ಕೈಯಿಟ್ಟ. "ಆದ್ರೆ ಎಲ್ಲಾನೂ ನೀನೇ ಹೊತ್ಕೋಬೇಡ. ಹಗ್ಗ ಬಿಟ್ಟಿದ್ದು ನನ್ನ ಕೈ."

ಅವಳು ಎಣ್ಣೆಯ ಕೈಯಲ್ಲೇ ಮುಖ ಮುಚ್ಚಿಕೊಂಡಳು. ಕಡಲಿಗೆ ಯಾರ ಮೇಲೂ ಹಗೆಯಿಲ್ಲ ಎಂದು ಅಪ್ಪನ ಮಂಚದ ಪಕ್ಕದಲ್ಲೇ ತಿಳಿದುಕೊಂಡವಳು ಅವಳು. ದೇವರು ಅದಕ್ಕೊಂದು ಕಟ್ಟಳೆ ಕೊಟ್ಟಿದ್ದಾನೆ, ಅದು ಆ ಕಟ್ಟಳೆಯಂತೆ ನಡೆಯುತ್ತದೆ. ಕಟ್ಟಳೆ ಗೊತ್ತಿದ್ದ ಮನೆಯಲ್ಲೇ ಹೀಗಾಯಿತಲ್ಲ ಎನ್ನುವುದು ಅವಳನ್ನು ಸುಡುತ್ತಿತ್ತು. ಆದರೂ ಈ ಮಾತು ಮನೆಯ ನಾಲ್ಕು ಗೋಡೆಯೊಳಗೆ ಉಳಿಯಿತು. ಊರು ಗಾಳಿ ಅನ್ನುತ್ತಿತ್ತು. ಅವಳೂ ಅಲ್ಲವೆನ್ನಲಿಲ್ಲ. ಗಾಳಿ ಹೊಡೆದವನ ಹೆಂಡತಿಗೆ ಊರಿನಲ್ಲಿ ಮರ್ಯಾದೆಯಿತ್ತು.

ಮತ್ತೆ ಈಸ್ಟರ್ ಬಂತು. ಥೆಮೆಲಿನಾ ಮಡಕೆ ಹೊತ್ತು ಒಲೆಗೆ ಹೋದಳು. ಕಥೋಲಿಕಿ ಮಡಕೆ ಇಸಿದುಕೊಂಡು ಪಕ್ಕಕ್ಕಿಟ್ಟು, ಅವಳ ಕೈ ಹಿಡಿದು ಮೂಲೆಗೆ ಕರೆದಳು. ತಮಾಷೆಯ ಮುಖವಿರಲಿಲ್ಲ.

"ನಮ್ಮ ಮಗ ಮಿಕೆಸ್ ಈ ವರ್ಷ ಮುಳುಗೋಕೆ ಹೋಗ್ತಾನಂತೆ. ಅಪ್ಪನ ಹಾಗೆ ಯಂತ್ರ ತಿರುಗಿಸೋದು ಬೇಡ್ವಂತೆ, ಗಂಡಸಿನ ಕೆಲಸ ಬೇಕಂತೆ. ನಾನು ಬೇಡ ಅಂದೆ, ಕೇಳ್ತಾನಾ? ಹಾಗಾದ್ರೆ ಸ್ಕೇವೋಸಣ್ಣನ ಹಾಗೆ ನಿಂತು ನಿಂತು ಮೇಲೆ ಬಾ ಅಂದೆ. ನಾವು ಎಷ್ಟು ನಕ್ಕಿದ್ದೀವಿ, ದೇವರು ಕ್ಷಮಿಸ್ಲಿ. ಅದಕ್ಕೆ ಕ್ಯಾಪ್ಟನ್ ಏನಂದ್ರು ಗೊತ್ತಾ? 'ಸ್ಕೇವೋಸ್ ಅಷ್ಟು ಆಮೆನ್ ಹೇಳ್ದ, ಆದ್ರೂ ಹೊಡೀಲಿಲ್ವಾ? ಹೊಡೆಯೋದಾದ್ರೆ ನಿಂತವನಿಗೂ ಹೊಡೆಯುತ್ತೆ. ಸುಮ್ನೆ ಯಾಕೆ ಹೊತ್ತು ಹಾಳು?' ಅಂದ್ರು. ಮಿಕೆಸ್‌ಗೆ ಅದೇ ಸರಿ ಅನ್ನಿಸ್ತು. ನಮ್ಮ ಯಜಮಾನ್ರು ಅವತ್ತು ಹಡಗಲ್ಲೇ ಇದ್ರು, ಅವರೂ ಅಲ್ಲ ಅನ್ಲಿಲ್ಲ. ನನಗೂ ಹೌದಲ್ವಾ ಅನ್ನಿಸ್ತು." ಅವಳು ಥೆಮೆಲಿನಾಳ ಮುಖ ನೋಡಿದಳು. "ಹೌದಲ್ವೇನೇ?"

"ಮಡಕೆಗೆ ಹಿಟ್ಟು ಸರಿಯಾಗಿ ಮೆತ್ತಿಲ್ಲ, ಸ್ವಲ್ಪ ನೋಡ್ಕೋ," ಎಂದಷ್ಟೇ ಹೇಳಿ ಥೆಮೆಲಿನಾ ಮನೆಗೆ ಬಂದಳು. ದಾರಿಯುದ್ದಕ್ಕೂ ಆ 'ಹೌದಲ್ವೇನೇ' ಅವಳ ಹಿಂದೆ ಬಂತು. ತಾವು ಮುಚ್ಚಿಟ್ಟ ಮಾತು ಮನೆಯೊಳಗೆ ಕೂತಿಲ್ಲ, ಊರಲ್ಲಿ ಓಡಾಡಿಕೊಂಡು ಒಬ್ಬನನ್ನು ಕೈಹಿಡಿದು ಕಡಲಿಗೆ ಕರೆದೊಯ್ಯುತ್ತಿದೆ ಎಂದು ಆಗ ಅವಳಿಗೆ ಕಂಡಿತು.

ಸ್ಕೇವೋಸ್ ಎಲ್ಲ ಕೇಳಿಸಿಕೊಂಡ. ಕತ್ತರಿ ಕೆಳಗಿಟ್ಟ.

"ಬೀಳ್ಕೊಡುಗೆ ಊಟಕ್ಕೆ ಕರೆದಿದ್ದಾನಲ್ಲ ನೊಮಿಕೋಸ್? ನಿನ್ನ ಅಣ್ಣನಿಗೆ ಹೇಳು, ನನ್ನ ಹೊತ್ಕೊಂಡು ಹೋಗ್ಲಿ."

"ಈಗ ನಿನ್ನ ಬಗ್ಗೆ ಯಾರೂ ನಗ್ತಾ ಇಲ್ಲ, ಸ್ಕೇವೋ. ಹೇಳಿದ್ರೆ ಮತ್ತೆ ಶುರುವಾಗುತ್ತೆ. ಕಾಲೂ ಹೋಯ್ತು, ಇನ್ನು ಇದೂ..."

"ಗೊತ್ತು."

"ಹಾಗಾದ್ರೆ ನಾನು ಅಂದದ್ದನ್ನೂ ಹೇಳು."

"ಅದು ನನ್ನ ಬಾಯಿಂದ ಬರಲ್ಲ. ನಿನಗೆ ಬೇಕು ಅನ್ನಿಸಿದ್ರೆ ನೀನೇ ಹೇಳು."

ಊಟದ ದಿನ ಕ್ಯಾಪ್ಟನ್ ಅವನನ್ನು ಮೇಜಿನ ತಲೆಭಾಗದಲ್ಲಿ, ತನ್ನ ಬಲಗಡೆಯಲ್ಲೇ ಕೂರಿಸಿದ. ಮಿಕೆಸ್ ಹೊಸ ಮುಳುಗುಗಾರರ ಸಾಲಿನಲ್ಲಿ ಹೊಸ ಅಂಗಿ ತೊಟ್ಟು ಕೂತಿದ್ದ. ಮೊದಲ ಲೋಟ ಎತ್ತಿದ ಕ್ಯಾಪ್ಟನ್, "ಗಾಳಿ ಹೊಡೆದ್ರೂ ಎದೆ ಕುಗ್ಗದ ನಮ್ಮ ಸ್ಕೇವೋಸನಿಗೆ!" ಎಂದ.

ಸ್ಕೇವೋಸ್ ಲೋಟ ಮುಟ್ಟಲಿಲ್ಲ. "ನನ್ನ ಗಾಳಿ ಹೊಡೀಲಿಲ್ಲ," ಎಂದ.

ದನಿ ದೊಡ್ಡದಾಗಿರಲಿಲ್ಲ. ಆದರೂ ಹತ್ತಿರದವರು ಸುಮ್ಮನಾದರು, ಆಮೇಲೆ ದೂರದವರೂ. ಹಗ್ಗದ ಸನ್ನೆ ತಿಳಿದೂ ತಾನು ನಿಲ್ಲಲಿಲ್ಲವೆಂದು ಅವನು ಹೇಳಿದ. ಪ್ರಾರ್ಥನೆಯ ಮೊದಲ ಪದವನ್ನೂ ಅವತ್ತು ಹೇಳಲಿಲ್ಲವೆಂದ. "ನಿಂತು ಬಂದಷ್ಟು ವರ್ಷ ನಡೆದೆ. ನಿಲ್ಲದೆ ಬಂದ ದಿನ ಬಿದ್ದೆ. ಇಷ್ಟೇ ನನಗೆ ಗೊತ್ತಿರೋದು."

"ಹಬ್ಬದ ಮನೇಲಿ ಇದೆಲ್ಲ ಯಾಕಪ್ಪ ಈಗ?" ಕ್ಯಾಪ್ಟನ್ ನಗಲು ನೋಡಿದ. "ಅವತ್ತಿನ ಬಿರುಗಾಳಿ ಎಲ್ಲರೂ ನೋಡಿದ್ದೀವಿ."

"ಪಾದ್ರಿ ಪ್ರಸಂಗ ಶುರು ಮಾಡ್ದ ಕಣೋ, ಇನ್ನು ಊಟ ಆದ ಹಾಗೇ," ಎಂದು ಯಾರೋ ಪಿಸುಗುಟ್ಟಿದ. ಹೊಸ ಮುಳುಗುಗಾರರ ಸಾಲಿನಲ್ಲಿ ನಗು ಎದ್ದಿತು.

ಗಂಡಸರ ಮೇಜಿನ ಹತ್ತಿರ ನಿಂತು ಹೆಂಗಸರು ಮಾತಾಡುವ ವಾಡಿಕೆ ಅಲ್ಲಿಲ್ಲ. ಥೆಮೆಲಿನಾ ಎದ್ದು ಬಂದು ಗಂಡನ ಹಿಂದೆ ನಿಂತಳು. ಕುರ್ಚಿಯ ಬೆನ್ನು ಹಿಡಿದುಕೊಂಡಳು.

"ನಗಿ. ಹೋದ ವರ್ಷ ಇದೇ ಅಂಗಳದಲ್ಲಿ ನಾನೂ ನಕ್ಕಿದ್ದೆ. ಮಾರನೇ ದಿನ ಎಲ್ಲರ ಹಾಗೆ ಮೇಲೆ ಬಾ ಅಂತ ಇವನಿಗೆ ನಾನೇ ಹೇಳ್ದೆ. ನಿಮ್ಮ ನಗು ತಡ್ಕೊಳ್ಳೋಕೆ ಆಗ್ದೆ ಹೇಳ್ದೆ. ಗಾಳಿ ಅವತ್ತು ಒಂದು ಗಳಿಗೆ ಬೀಸಿತು ಅಷ್ಟೆ. ನಾವು ವರ್ಷಗಟ್ಟಲೆ ಬೀಸಿದ್ದೀವಿ."

ಕ್ಯಾಪ್ಟನ್ ಪಿಟೀಲಿನವನಿಗೆ ಕಣ್ಣು ಮಾಡಿದ. ಅವನು ಅವಸರದಲ್ಲಿ ಒಂದು ಕುಣಿತದ ಹಾಡು ಎತ್ತಿದ. ಮಿಕೆಸ್ ಲೋಟದೊಳಗೆ ನೋಡುತ್ತ ಕೂತಿದ್ದ, ಅವನ ಕಿವಿ ಕೆಂಪಾಗಿತ್ತು. ಪಕ್ಕದವನು ಅವನ ಹೆಗಲಿಗೆ ಕೈ ಹಾಕಿ ಕುಣಿಯಲು ಎಳೆದ. ಅವನು ಎದ್ದು ಹೋದ.

ಸಕೆಲ್ಲಾರಿಸ್ ತಂಗಿಯ ಗಂಡನನ್ನು ಹೊತ್ತು ಮನೆಗೆ ತಂದ.

ಮರುದಿನದಿಂದ ಒಲೆಯ ರೊಟ್ಟಿ ಬರುವುದು ನಿಂತಿತು. ಕಾಫಿ ಅಂಗಡಿಯವರೂ ಬರಲಿಲ್ಲ. ಕ್ಯಾಪ್ಟನ್ನನ ಮಾತು ತೆಗೆದುಹಾಕಿದವನ ಮನೆಗೆ, ಹಡಗು ಹೊರಡುವ ಹೊತ್ತಲ್ಲಿ ಯಾರು ಬರುತ್ತಾರೆ? ಸ್ಕೇವೋಸ್ ಕತ್ತರಿ ಹಿಡಿದು ತನ್ನ ಕೆಲಸ ಮಾಡಿದ. ಒಮ್ಮೆ ಮಾತ್ರ, "ಅಲ್ಲ, ಅಷ್ಟು ಜನರಲ್ಲಿ ಒಬ್ಬನೂ ಒಂದು ಪ್ರಶ್ನೆ ಕೇಳ್ಲಿಲ್ವಲ್ಲ," ಎಂದ.

ಹಡಗುಗಳು ಹೊರಟ ದಿನ ಥೆಮೆಲಿನಾ ಬಂದರಕ್ಕೆ ಹೋಗಲಿಲ್ಲ. ಗಂಟೆಯ ಸದ್ದು ನಿಂತು ಬಹಳ ಹೊತ್ತಾದ ಮೇಲೆ ಹೊಸ್ತಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದಾಗ ಕಥೋಲಿಕಿ ಬೀದಿಯ ತುದಿಯಲ್ಲಿ ಕಾಣಿಸಿದಳು. ಗಂಡನನ್ನೂ ಮಗನನ್ನೂ ಒಂದೇ ಹಡಗಿಗೆ ಹತ್ತಿಸಿ ಬರುತ್ತಿದ್ದಳು. ಮನೆ ದಾಟಿ ಹೋಗುತ್ತಾಳೆ ಅಂದುಕೊಂಡರೆ ಬಂದು ಎದುರಿಗೆ ನಿಂತಳು. ಹಬ್ಬದ ಕರವಸ್ತ್ರ ತಲೆಯಿಂದ ಜಾರಿತ್ತು.

"ಅವನನ್ನ ಕೇಳ್ದೆ," ಎಂದಳು. "ಹಲಗೆ ಹತ್ತೋಕೆ ಮುಂಚೆ ತೋಳು ಹಿಡಿದು ನಿಲ್ಲಿಸಿ ಕೇಳ್ದೆ. ನಿಂತು ನಿಂತು ಬರ್ತೀಯೇನೋ, ಸ್ಕೇವೋಸಣ್ಣ ಹೇಳಿದ್ದು ಕೇಳಿಸ್ತೇನೋ ಅಂತ."

"ಏನಂದ?"

"'ತೋಳು ಬಿಡಮ್ಮ, ಎಲ್ಲರೂ ನೋಡ್ತಿದ್ದಾರೆ' ಅಂದ."

ಕಿಟಕಿಯೊಳಗೆ ಕತ್ತರಿಯ ಸದ್ದು ನಿಂತಿತು. ಥೆಮೆಲಿನಾ ಹೊಸ್ತಿಲ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಕಥೋಲಿಕಿ ಕೂತಳು. ಏನು ಮಾಡಬೇಕೆಂದು ತಿಳಿಯದೆ ತಟ್ಟೆಗೆ ಕೈಹಾಕಿ ಬಟಾಣಿ ಸುಲಿಯತೊಡಗಿದಳು.